ತಾಳಮದ್ದಳೆಯ ವಿಡಿಯೊದಲ್ಲಿ ದನಿಯೂ ತುಟಿಯೂ ಜೊತೆ ತಪ್ಪಿದಾಗ

ತಾಳಮದ್ದಳೆ ಎಂದರೆ ಕುಳಿತು ನಡೆಸುವ ಯಕ್ಷಗಾನ; ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದೆಲ್ಲ ಪದ್ಯ ಮತ್ತು ಮಾತು. ಮಾತಾಡುವ ಅರ್ಥಧಾರಿಯ ಮುಖ ಹತ್ತಿರದಿಂದ ಕಾಣುವ ಹೊತ್ತಿನಲ್ಲಿ ದನಿ ಮೂರ್ನಾಲ್ಕು ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ಆಚೀಚೆಯಾದರೂ ನೋಡುವವರಿಗೆ ಕಿರಿಕಿರಿ. ನಾನು ಚಿತ್ರವನ್ನು ಮೊಬೈಲಿನಲ್ಲಿ, ದನಿಯನ್ನು ವೇದಿಕೆಯ ಮೇಲಿಟ್ಟ ಬೇರೆ ರೆಕಾರ್ಡರಿನಲ್ಲಿ ಹಿಡಿದು, ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಜೋಡಿಸುತ್ತೇನೆ.

ಜೊತೆ ತಪ್ಪಿದೆ ಎಂದ ಕೂಡಲೇ ದನಿಯನ್ನು ಎಳೆದಾಡುವುದಿಲ್ಲ. ಆರಂಭ, ನಡು, ಕೊನೆ, ಈ ಮೂರು ಕಡೆ ಅಂತರ ಎಷ್ಟಿದೆ ಎಂದು ಮೊದಲು ನೋಡುತ್ತೇನೆ. ಇದಕ್ಕೆ ಚೆಂಡೆಯಷ್ಟು ಒಳ್ಳೆಯ ಗುರುತು ಬೇರೆ ಇಲ್ಲ. ಕೋಲು ಚರ್ಮಕ್ಕೆ ತಾಗುವ ಫ್ರೇಮ್ ಕಣ್ಣಿಗೆ ಕಾಣುತ್ತದೆ, ದನಿಯ ಅಲೆಯಲ್ಲಿ ಅದೇ ಪೆಟ್ಟು ಚೂಪಾಗಿ ಏಳುತ್ತದೆ.

ಮೂರೂ ಕಡೆ ಅಂತರ ಒಂದೇ ಇದ್ದರೆ ಕೆಲಸ ಸುಲಭ: ದನಿಯ ಕ್ಲಿಪ್ಪನ್ನು ಅಷ್ಟು ಸರಿಸಿದರೆ ಮುಗಿಯಿತು. ಅಂತರ ಒಂದೇ ಹದದಲ್ಲಿ ಬೆಳೆಯುತ್ತಾ ಹೋದರೆ ಎಷ್ಟು ಬೆಳೆದಿದೆ ಎಂಬುದೇ ಕಾರಣ ಹೇಳುತ್ತದೆ. ಗಂಟೆಗೆ 3.6 ಸೆಕೆಂಡ್ ಆಗಿದ್ದರೆ ಸೆಕೆಂಡಿಗೆ 29.97 ಫ್ರೇಮಿನ ಚಿತ್ರವನ್ನು ಎಲ್ಲೋ 30 ಎಂದು ಓದಲಾಗಿದೆ. ಗಂಟೆಗೆ ಒಂದೆರಡು ಫ್ರೇಮ್ ಮಾತ್ರವಾದರೆ ಅದು ಎರಡು ಯಂತ್ರಗಳ ಗಡಿಯಾರಗಳ ವ್ಯತ್ಯಾಸ. ಹತ್ತು ಲಕ್ಷಕ್ಕೆ 20 ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡ್ ಆಗುತ್ತದೆ. ಇದಕ್ಕೆ ಕ್ಲಿಪ್ಪಿನ ವೇಗ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ವೇಗದ ಜೊತೆ ಶ್ರುತಿಯೂ ಬದಲಾಗಬಹುದು; ಪದ್ಯ ಹಾಡುವ ಭಾಗವತರ ಶ್ರುತಿಯನ್ನು ಮುಟ್ಟದಿರುವುದೇ ಕ್ಷೇಮ. ಅರ್ಥಧಾರಿ ಉಸಿರು ತೆಗೆದುಕೊಳ್ಳುವ ಮೌನದಲ್ಲಿ ಕಂಟ್ರೋಲ್ ಬಿ ಒತ್ತಿ ದನಿಯನ್ನು ಕತ್ತರಿಸಿ, ಮುಂದಿನ ತುಂಡನ್ನು ಕಾಮಾ ಅಥವಾ ಫುಲ್‌ಸ್ಟಾಪ್ ಕೀಲಿಯಿಂದ ಒಂದು ಫ್ರೇಮ್ ಸರಿಸುತ್ತೇನೆ. ಬಲಕ್ಕೆ ಸರಿಸಿದಾಗ ಉಳಿಯುವ ಸಂದನ್ನು ಹಿಂದಿನ ತುಂಡಿನ ತುದಿ ಎಳೆದು ಮುಚ್ಚಬೇಕು. ಇಲ್ಲದಿದ್ದರೆ ಸಭಾಂಗಣದ ಸದ್ದು ಆ ಜಾಗದಲ್ಲಿ ಫಕ್ಕನೆ ನಿಂತು ಕಿವಿಗೆ ಚುಚ್ಚುತ್ತದೆ.

ಅಂತರ ಒಮ್ಮೆ ಹೆಚ್ಚಿ, ಒಮ್ಮೆ ಕಡಿಮೆಯಾಗಿ ಅಡ್ಡಾದಿಡ್ಡಿ ಓಡಿದರೆ ಸಂಶಯ ಮೊಬೈಲಿನ ಮೇಲೆ. ಬೆಳಕು ಕಡಿಮೆಯಾದಾಗ ಅನೇಕ ಫೋನುಗಳು ಹೆಚ್ಚು ಬೆಳಕು ಹಿಡಿಯಲು ಸೆಕೆಂಡಿಗೆ ತೆಗೆಯುವ ಫ್ರೇಮುಗಳನ್ನೇ ಇಳಿಸುತ್ತವೆ. ರಾತ್ರಿಯ ಕೂಟದಲ್ಲಿ ಇದು ಮಾಮೂಲು. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊ ತಂತ್ರಾಂಶದಲ್ಲಿ ಫೈಲ್ ತೆರೆದು ಫ್ರೇಮ್ ರೇಟ್ ಮೋಡ್ ನೋಡಿ. ವೇರಿಯಬಲ್ (ಏರಿಳಿಯುವ) ಎಂದಿದ್ದರೆ ಅಲ್ಲಿಯೇ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆಗಳೂ ಸಿಗುತ್ತವೆ. ಇಂಥ ಫೈಲನ್ನು ಟೈಮ್‌ಲೈನಿನಲ್ಲಿ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಎಡಿಟಿಂಗಿಗೆ ಮೊದಲೇ ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್‌ನಲ್ಲಿ ಹಾಕಿ ವಿಡಿಯೊ ಟ್ಯಾಬಿನಲ್ಲಿ ಫ್ರೇಮ್ ರೇಟ್ 30, ಅದರ ಕೆಳಗೆ ಕಾನ್‌ಸ್ಟಂಟ್ (ಸ್ಥಿರ), ಗುಣಮಟ್ಟ ಆರ್‌ಎಫ್ 16 (ಸಂಖ್ಯೆ ಕಡಿಮೆಯಾದಷ್ಟೂ ಗುಣ ಹೆಚ್ಚು) ಎಂದು ಆರಿಸುತ್ತೇನೆ. ಪೀಕ್ ಎಂಬ ಆಯ್ಕೆ ಇದ್ದಹಾಗೇ ಉಳಿದರೆ ಹೊಸ ಫೈಲೂ ಏರಿಳಿಯುವ ಫ್ರೇಮುಗಳದ್ದೇ ಆಗುತ್ತದೆ. ಕಂಪ್ಯೂಟರು ಹಳೆಯದಾಗಿದ್ದರೆ ಇನ್ನೊಂದು ಪರಿವರ್ತಕವಾದ ಶಟರ್ ಎನ್‌ಕೋಡರಿನಲ್ಲಿ ಎಡಿಟಿಂಗಿಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್ ಎಸ್‌ಕ್ಯೂ ರೂಪಕ್ಕೆ ಮಾಡಿಕೊಳ್ಳಿ. ಎಡಿಟಿಂಗ್ ಹಗುರಾಗುತ್ತದೆ, ಆದರೆ 1080 ಗಾತ್ರದ ಚಿತ್ರಕ್ಕೆ ಗಂಟೆಗೆ ಸುಮಾರು 65 ಜಿಬಿ ಜಾಗ ಬೇಕು.

ರಿಸಾಲ್ವ್‌ನಲ್ಲಿ ಮೊದಲ ಕ್ಲಿಪ್ ಇಡುವ ಮುಂಚೆಯೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಲೈನ್ ಫ್ರೇಮ್ ರೇಟ್ 30 ಮಾಡಿ. ಆಮೇಲೆ ಆ ಟೈಮ್‌ಲೈನಿನಲ್ಲಿ ಬದಲಿಸಲಾಗದು. ಬಳಿಕ ತಂದ ಫೈಲುಗಳು ಕಾಣುವ ಮೀಡಿಯಾ ಪೂಲಿನಲ್ಲಿ ಚಿತ್ರ, ದನಿ ಎರಡನ್ನೂ ಆರಿಸಿ, ಬಲಗುಂಡಿ ಒತ್ತಿ, ಆಟೊ ಸಿಂಕ್ ಆಡಿಯೊದಲ್ಲಿ ವೇವ್‌ಫಾರ್ಮ್ (ದನಿಯ ಅಲೆ) ಆಯ್ಕೆ ಕೊಡಬೇಕು.

ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ. ಫೋನು ವೇದಿಕೆಯಿಂದ 20 ಮೀಟರ್ ದೂರವಿದ್ದರೆ ಅದರ ಮೈಕಿಗೆ ದನಿ ತಲುಪಲು ಸುಮಾರು 58 ಮಿಲಿಸೆಕೆಂಡ್ ಬೇಕು. ತಂತ್ರಾಂಶವು ರೆಕಾರ್ಡರಿನ ದನಿಯನ್ನು ಆ ತಡವಾದ ದನಿಗೇ ಹೊಂದಿಸುತ್ತದೆ. ಹಾಗಾಗಿ ಅಲೆಗಳು ಒಂದರ ಮೇಲೊಂದು ಸರಿಯಾಗಿ ಕೂತರೂ ತುಟಿ ಮುಂದೆ, ಮಾತು ಹಿಂದೆ. ರೆಕಾರ್ಡರಿನ ದನಿಯನ್ನು ಎರಡು ಫ್ರೇಮ್ ಎಡಕ್ಕೆ ಸರಿಸಿ, ಚೆಂಡೆಯ ಪೆಟ್ಟನ್ನು ಕಣ್ಣಿನಿಂದಲೇ ಇನ್ನೊಮ್ಮೆ ನೋಡಿಕೊಳ್ಳಬೇಕು. ಎಡಕ್ಕೆ ಅತಿಯಾಗಿ ಸರಿಸಬಾರದು; ತಡವಾದ ದನಿಯನ್ನು ಕಿವಿ ಸ್ವಲ್ಪ ಸಹಿಸುತ್ತದೆ, ತುಟಿಗಿಂತ ಮೊದಲೇ ಬಂದ ದನಿಯನ್ನು ಬೇಗ ಹಿಡಿದುಬಿಡುತ್ತದೆ.

ಈ ಪರೀಕ್ಷೆಗೆ ತಂತಿಯ ಹೆಡ್‌ಫೋನೇ ಆಗಬೇಕು. ಬ್ಲೂಟೂತ್ ತಾನೇ ಕೆಲವು ಫ್ರೇಮಿನಷ್ಟು ತಡ ಮಾಡುವುದರಿಂದ ಸರಿಯಿದ್ದುದನ್ನೂ ತಪ್ಪೆಂದು ತಿದ್ದುವಂತಾಗುತ್ತದೆ. ರೆಂಡರ್ ಆದ ಫೈಲನ್ನು ರಿಸಾಲ್ವ್‌ನ ಹೊರಗೆ ವಿಎಲ್‌ಸಿಯಲ್ಲಿ ತೆರೆದು, ಆರಂಭ, ನಡು, ಕೊನೆಯ ಅವೇ ಮೂರು ಪೆಟ್ಟುಗಳನ್ನು ನೋಡಿದ ಮೇಲೆಯೇ ಅಪ್‌ಲೋಡ್ ಮಾಡುತ್ತೇನೆ.