ಆಲ್ಟರ್ನೇಟರೂ ಸರಿ, ಬ್ಯಾಟರಿಯೂ ಸರಿ, ಆದರೂ ಚಾರ್ಜ್ ಇಲ್ಲ

ನಮ್ಮ ಮನೆಯಲ್ಲಿರುವುದು 1998ರ ಕಾರ್ಬ್ಯುರೇಟರ್ ಮಾರುತಿ 800. ಉಡುಪಿ ಕಡೆಯ ಮಳೆ, ಉಪ್ಪು ಗಾಳಿ ಎರಡನ್ನೂ ಸಾಕಷ್ಟು ಉಂಡ ಗಾಡಿ. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ಹೊಸ ಚಾಳಿ ಶುರುವಾಯಿತು. ಹಗಲು ಓಡಿಸಿದರೆ ಏನೂ ತೊಂದರೆ ಇಲ್ಲ. ರಾತ್ರಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿಕೊಂಡು ಬಂದರೆ ಮರುದಿನ ಬೆಳಿಗ್ಗೆ ಸೆಲ್ಫ್ ಎಳೆಯುತ್ತಿರಲಿಲ್ಲ. ಓಡಿಸುವಾಗ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಮಾತ್ರ ಒಮ್ಮೆಯೂ ಹೊತ್ತಲಿಲ್ಲ.

ಅಂಗಡಿಯವರು ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಮೀಟರ್ ಇಟ್ಟು ನೋಡಿದರು. 13.8 ವೋಲ್ಟ್ ಬಂತು. ‘ಚಾರ್ಜಿಂಗ್ ಸರಿ ಇದೆ, ಬ್ಯಾಟರಿ ಬದಲಿಸಿ’ ಎಂದರು. ಇನ್ನೊಬ್ಬರು ‘ಡೈನಮೋ ಬಿಚ್ಚಿ ರಿಪೇರಿ ಮಾಡೋಣ’ ಎಂದರು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೇ ಅವರು ಡೈನಮೋ ಎನ್ನುವುದು. ಎರಡಕ್ಕೂ ದುಡ್ಡು ಸುರಿಯುವ ಮೊದಲು ನಾನೇ ಅಳೆದು ನೋಡಿದೆ. ಬೇಕಾಗಿದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಬ್ಯಾಟರಿ ಆಸಿಡಿನ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್, ಸ್ಪ್ಯಾನರ್, ಮರಳು ಕಾಗದ ಅಷ್ಟೇ.

ಮೊದಲು ಬ್ಯಾಟರಿ. ನಮ್ಮದು 35 ಆಂಪಿಯರ್ ಅವರ್, ಮುಚ್ಚಳ ಬಿಚ್ಚಿ ನೀರು ಹಾಕುವ ಹಳೇ ಮಾದರಿ. ಇಂಥದ್ದರಲ್ಲಿ ಹೈಡ್ರೋಮೀಟರ್ ಹೇಳುವಷ್ಟು ನಿಜ ಬೇರೆ ಯಾವುದೂ ಹೇಳುವುದಿಲ್ಲ. ಪೂರ್ತಿ ಚಾರ್ಜ್ ಆಗಿದ್ದರೆ ಆಸಿಡ್ 1.260 ದಾಟಿ ತೋರಿಸಬೇಕು. ನಮ್ಮದರಲ್ಲಿ ಆರೂ ಸೆಲ್ 1.200ರ ಆಸುಪಾಸು. ಗಮನಿಸಬೇಕಾದ್ದು ಇದನ್ನೇ. ಒಂದೇ ಸೆಲ್ ಕೆಳಗಿದ್ದರೆ ಬ್ಯಾಟರಿ ಹಾಳು. ಆರೂ ಸಮನಾಗಿ ಕೆಳಗಿದ್ದರೆ ಬ್ಯಾಟರಿ ಹಸಿದಿದೆ ಎಂದರ್ಥ. ವೋಲ್ಟ್ ಕೂಡ 12.3 ಇತ್ತು. ಗಾಡಿ ಸುಮ್ನೆ ಕೆಲವು ಗಂಟೆ ನಿಂತ ಮೇಲೆ ಅಲ್ಲಿ 12.6 ಇರಬೇಕಿತ್ತು. ಚಾರ್ಜರ್ ಹಚ್ಚಿ ರಾತ್ರಿಯಿಡೀ 3 ಆಂಪಿಯರಿನಲ್ಲಿ ಬಿಟ್ಟೆ. ಬೆಳಿಗ್ಗೆ ಆರೂ ಸೆಲ್ ಮೇಲೆ ಬಂದವು. ಬ್ಯಾಟರಿ ಮೇಲಿನ ಸಂಶಯ ಅಲ್ಲಿಗೆ ಮುಗಿಯಿತು. ಅಂದ ಹಾಗೆ, ಪೂರ್ತಿ ಇಳಿದ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಪರೀಕ್ಷೆ ಮಾಡಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಮೊದಲು ತುಂಬಿಸಿ, ಆಮೇಲೆ ಅಳೆಯಿರಿ.

ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಬಗ್ಗುತ್ತಿತ್ತು, ಕಿರುಚುತ್ತಿರಲಿಲ್ಲ. ಕೀ ಆನ್ ಮಾಡಿ ಎಂಜಿನ್ ಆಫ್ ಇದ್ದಾಗ ಕೆಂಪು ದೀಪ ಹೊತ್ತುತ್ತಿತ್ತು. ಇದು ಮುಖ್ಯ. ಆಲ್ಟರ್ನೇಟರ್ ಎಬ್ಬಿಸುವ ಮೊದಲ ಕರೆಂಟ್ ಈ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬ್ ಸುಟ್ಟರೆ ಐಡಲಿನಲ್ಲಿ ಚಾರ್ಜಿಂಗ್ ಶುರುವೇ ಆಗದಿರಬಹುದು. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಟ್ಟೆ. 0.1ಕ್ಕಿಂತ ಕಡಿಮೆ ಬಂತು. ಅರ್ಧ ವೋಲ್ಟ್ ದಾಟಿದ್ದರೆ ಆಲ್ಟರ್ನೇಟರಿನ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆ ಎಂದು ಅನುಮಾನ ಪಡಬೇಕಿತ್ತು.

ಇನ್ನು ಅಸಲಿ ಕೆಲಸ. ಖಾಲಿ ಐಡಲಿನಲ್ಲಿ ಅಳೆದರೆ ಏನೂ ಗೊತ್ತಾಗುವುದಿಲ್ಲ. ತೊಂದರೆ ಬರುವುದು ಮಳೆ ರಾತ್ರಿಯಲ್ಲಿ ಅಲ್ವಾ, ಹಾಗಾದರೆ ಮಳೆ ರಾತ್ರಿಯ ಭಾರವನ್ನೇ ಹೊರಿಸಬೇಕು. ಹೆಡ್‌ಲೈಟ್ ಎರಡು, ತಲಾ 55 ವಾಟ್. ಅಲ್ಲೇ 9 ಆಂಪಿಯರ್ ಹೋಯಿತು. ವೈಪರ್, ಬ್ಲೋವರ್, ರೇಡಿಯೇಟರ್ ಫ್ಯಾನ್, ಇಗ್ನಿಷನ್ ಕಾಯಿಲ್ ಸೇರಿದರೆ 20 ದಾಟುತ್ತದೆ. ಎಲ್ಲ ಆನ್ ಮಾಡಿ, ಮನೆಯವರಿಗೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಹೇಳಿದೆ. ಬ್ಯಾಟರಿಯಲ್ಲಿ 13.2 ವೋಲ್ಟ್. ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿಗೂ ಅದರದ್ದೇ ಬಾಡಿಗೂ ಮಧ್ಯೆ 14.2. ತಯಾರಾಗುತ್ತಿರುವುದು 14.2, ಬ್ಯಾಟರಿಗೆ ಮುಟ್ಟುತ್ತಿರುವುದು 13.2. ಒಂದು ವೋಲ್ಟ್ ದಾರಿಯಲ್ಲೇ ಮಾಯ!

ಎಲ್ಲಿ ಅಂತ ಹುಡುಕುವುದು ಕಷ್ಟವಲ್ಲ. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಪೋಸ್ಟಿಗೆ. 0.3 ಬಂತು. ಸ್ವಲ್ಪ ಜಾಸ್ತಿಯೇ. ಆಮೇಲೆ ಒಂದು ಕಡ್ಡಿ ಆಲ್ಟರ್ನೇಟರ್ ಬಾಡಿಗೆ, ಇನ್ನೊಂದು ಬ್ಯಾಟರಿಯ ಮೈನಸ್ ಪೋಸ್ಟಿಗೆ. 0.7! ಇಲ್ಲಿ 0.2 ದಾಟಬಾರದು. ಅಂದರೆ ಕಳ್ಳ ಅರ್ಥ್ (ಮೈನಸ್ ದಾರಿ) ಕಡೆ ಇದ್ದ. ಕಡ್ಡಿ ಇಡುವಾಗ ಕ್ಲ್ಯಾಂಪಿನ ಮೇಲೆ ಬೇಡ, ಸೀಸದ ಪೋಸ್ಟಿನ ಮೇಲೆಯೇ ಇಡಿ. ಇಲ್ಲದಿದ್ದರೆ ಕ್ಲ್ಯಾಂಪಿನ ತುಕ್ಕು ಲೆಕ್ಕಕ್ಕೇ ಬರುವುದಿಲ್ಲ. ಅಂಗಿಯ ತೋಳು ಬೆಲ್ಟಿನಿಂದ ದೂರ ಇರಲಿ.

ಖಾತ್ರಿಗೆ ಇನ್ನೊಂದು ಸುಲಭದ ಉಪಾಯ ಮಾಡಿದೆ. ಜಂಪರ್ ಕೇಬಲಿನ ಒಂದು ತುದಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಕಚ್ಚಿಸಿದೆ. 13.2 ಇದ್ದದ್ದು ಅಲ್ಲೇ 13.8ಕ್ಕೆ ಏರಿತು. ಸೆಲ್ಫ್ ಹೊಡೆದರೆ ಎಂಜಿನ್ ಹೊಸ ಗಾಡಿಯ ಹಾಗೆ ತಿರುಗಿತು.

ಕೆಂಪು ದೀಪ ಯಾಕೆ ಸುಳಿವು ಕೊಡಲಿಲ್ಲ? ಅದರ ಒಂದು ತುದಿ ಕೀ ಕಡೆಯಿಂದ ಬರುತ್ತದೆ, ಇನ್ನೊಂದು ಆಲ್ಟರ್ನೇಟರಿಗೆ ಹೋಗುತ್ತದೆ. ಎರಡೂ ಕಡೆ ವೋಲ್ಟ್ ಹೆಚ್ಚು ಕಡಿಮೆ ಸಮ ಇದ್ದರೆ ದೀಪ ಆರಿಯೇ ಇರುತ್ತದೆ. ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ ಎಂದಷ್ಟೇ ಅದಕ್ಕೆ ಗೊತ್ತು. ಮೈನಸ್ ದಾರಿಯಲ್ಲಿ ಎಷ್ಟು ಸೋರಿದರೂ ಅದಕ್ಕೆ ಕಾಣುವುದಿಲ್ಲ. ವೋಲ್ಟ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೂಡ ಆಲ್ಟರ್ನೇಟರ್ ಒಳಗೇ ಕೂತಿರುತ್ತದೆ, ತನ್ನ ಹತ್ತಿರದ 14.2 ನೋಡಿ ಸುಮ್ಮನಾಗುತ್ತದೆ. ಕರೆಂಟ್ ಹೆಚ್ಚಾದಷ್ಟೂ ಆ ಕೆಟ್ಟ ಜಾಯಿಂಟಿನಲ್ಲಿ ನಷ್ಟವೂ ಹೆಚ್ಚು. ಹಗಲು ಭಾರ ಕಡಿಮೆ, ಹಾಗಾಗಿ ಹಗಲು ಎಲ್ಲ ಸರಿ ಕಾಣುತ್ತಿತ್ತು.

ನಮ್ಮ ಗಾಡಿಯಲ್ಲಿ ಬ್ಯಾಟರಿಯ ಮೈನಸ್‌ನಿಂದ ಒಂದು ಸಣ್ಣ ವೈರ್ ಬಾಡಿಗೆ, ಒಂದು ದಪ್ಪ ಕೇಬಲ್ ಗೇರ್‌ಬಾಕ್ಸಿಗೆ ಹೋಗುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಈ ದಪ್ಪ ಕೇಬಲ್ ಕೈಕೊಟ್ಟರೆ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದ ಮೇಲೆ ಕ್ಲಚ್ ಕೇಬಲ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಯಾರ ಗಾಡಿಯಲ್ಲಾದರೂ ಈ ಕೇಬಲ್‌ಗಳು ಕಾರಣವಿಲ್ಲದೆ ಬಿಗಿಯಾಗುತ್ತಿದ್ದರೆ, ಹೊರಕವಚ ಕರಗುತ್ತಿದ್ದರೆ ಮೊದಲು ಅರ್ಥ್ ನೋಡಿ.

ಮೈನಸ್ ಟರ್ಮಿನಲ್ ಮೊದಲು ಬಿಚ್ಚಿ ಗೇರ್‌ಬಾಕ್ಸ್ ಕಡೆಯ ಬೋಲ್ಟ್ ತೆಗೆದೆ. ಹೊರಗೆ ಗ್ರೀಸ್, ಮಣ್ಣು. ಕೇಬಲ್ ತುದಿಯ ಲೋಹದ ಬಳೆಯ (ಲಗ್) ಕೆಳಗೆ ತುಕ್ಕಿನ ಪದರ. ಕೇಬಲಿನ ತುದಿ ಸೀಳಿದರೆ ತಾಮ್ರದ ಎಳೆಗಳು ಕಪ್ಪು, ನಡುವೆ ಹಸಿರು ಪುಡಿ. ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿತ್ತು. ಅಷ್ಟು ವರ್ಷದ ಕಡಲ ಗಾಳಿಗೆ ಕಾರನ್ನು ದೂರಿ ಪ್ರಯೋಜನವಿಲ್ಲ. ಅಂಗಡಿಯಲ್ಲಿ 25 ಚದರ ಮಿಲಿಮೀಟರಿನ ಹೊಸ ಕೇಬಲಿಗೆ ಎರಡೂ ಕಡೆ ಲಗ್ ಒತ್ತಿಸಿದೆ. ಕೂರುವ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ನಕ್ಷತ್ರದ ವಾಷರ್ ಹಾಕಿ ಬಿಗಿ ಮಾಡಿದೆ. ವ್ಯಾಸಲೀನ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಹೊರಗಿನಿಂದ. ಪ್ಲಸ್ ಕಡೆ ಕ್ಲ್ಯಾಂಪಿನ ಬಿಳಿ ಪುಡಿಯನ್ನು ಬಿಸಿ ನೀರು, ಅಡುಗೆ ಸೋಡಾದಲ್ಲಿ ತೊಳೆದು ಉಜ್ಜಿದೆ.

ಮತ್ತೆ ಎಲ್ಲ ಭಾರ ಹೊರಿಸಿ ಅಳೆದಾಗ ಬ್ಯಾಟರಿಯಲ್ಲಿ 14.0. ಪ್ಲಸ್, ಮೈನಸ್ ಎರಡೂ ಕಡೆ ನಷ್ಟ ತಲಾ 0.1 ಮಾತ್ರ.

ಒಂದು ಮಾತು ಮಾತ್ರ ಜೋರಾಗಿ ಹೇಳಬೇಕು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ತೆಗೆದು ‘ಆಫ್ ಆಗಲಿಲ್ಲ, ಡೈನಮೋ ಸರಿ ಇದೆ’ ಎನ್ನುವವರು ಈಗಲೂ ಇದ್ದಾರೆ. ನಿಜವಾದ ಡೈನಮೋ ಇದ್ದ ಕಾಲದ ಅಭ್ಯಾಸ ಅದು. ಆಲ್ಟರ್ನೇಟರ್ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟ್ ಒಮ್ಮೆಲೇ ಚಿಮ್ಮಿ ಡಯೋಡ್, ರೆಗ್ಯುಲೇಟರ್, ಸ್ಟೀರಿಯೋ ಯಾವುದನ್ನು ಬೇಕಾದರೂ ಸುಡಬಹುದು. ನನ್ನ ಗಾಡಿಗೆ ಹಾಗೆ ಮಾಡಲು ಯಾರನ್ನೂ ಬಿಡುವುದಿಲ್ಲ.

ಕೊನೆಗೆ ರಾತ್ರಿ ಸೋರಿಕೆಯನ್ನೂ ನೋಡಿದೆ. ಎಲ್ಲ ಆಫ್ ಮಾಡಿ, ಮೈನಸ್ ಪೋಸ್ಟಿಗೂ ಕೇಬಲಿಗೂ ಮಧ್ಯೆ ಮೀಟರನ್ನು 10 ಆಂಪಿಯರಿನಲ್ಲಿ ಸೇರಿಸಿದರೆ ಸ್ಟೀರಿಯೋದ 20 ಮಿಲಿ ಆಂಪಿಯರ್ ಆಸುಪಾಸು ಬಂತು. 50ರ ಒಳಗಿದ್ದರೆ ಚಿಂತೆ ಇಲ್ಲ. ಮೀಟರ್ ಹೀಗೆ ಮಧ್ಯದಲ್ಲಿರುವಾಗ ಮಾತ್ರ ಮರೆತೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸೋ ಮೀಟರೋ ಸುಟ್ಟುಹೋಗುತ್ತದೆ.