ಕಪ್ಪು ಗೆರೆಯ ಆಚೆಗೂ ಬಿಳುಪು: ಬೆನ್ನಿನ ಎಂಆರ್‌ಐನಲ್ಲಿ ಸೋರಿಕೆ ಹುಡುಕುವುದು

'ಎದ್ದು ಕುಂತ್ರ ತಲಿ ಸಿಡಿತೈತ್ರಿ, ಅಡ್ಡಾದ್ರ ಆರಾಮ.' ಮಿದುಳು, ಬೆನ್ನುಹುರಿಗಳ ಸುತ್ತಲಿನ ದ್ರವ ಬೆನ್ನಿನಲ್ಲಿ ಸೋರುತ್ತಿದ್ದರೆ ಹೀಗಾಗಬಹುದು. ಹೀಗೆ ಹೇಳುವ ರೋಗಿ ಹುಬ್ಬಳ್ಳಿಯ ನಮ್ಮ ಸ್ಕ್ಯಾನ್ ಕೋಣೆಗೆ ಬಂದರೆ ನಾನು ಮೊದಲು ಕೇಳುವುದು, ಈಚೆಗೆ ಬೆನ್ನಿಗೆ ಸೂಜಿ ಚುಚ್ಚಿದ್ದಾರೆಯೇ ಎಂದು. ಸಿಸೇರಿಯನ್‌ಗೆ ಕೊಟ್ಟ ಅರಿವಳಿಕೆ ಇರಲಿ, ನೀರು ತೆಗೆದ ಪರೀಕ್ಷೆ ಇರಲಿ, ಆ ತೂತಿನಿಂದಲೂ ಡ್ಯೂರಾದ (ದ್ರವವನ್ನು ಹಿಡಿದಿಡುವ ಪೊರೆ) ಹೊರಗೆ ದ್ರವ ನಿಲ್ಲುತ್ತದೆ. ಹೀಗಾಗಿ ತಾನಾಗಿ ಆದ ಸೋರಿಕೆಯ ಅನುಮಾನವಿದ್ದರೆ ಎಂಆರ್‌ಐ ಮೊದಲು, ಸೂಜಿ ಆಮೇಲೆ. ಸೂಜಿಯಿಂದ ಅಳೆದಾಗ, ಸೋರಿಕೆ ಇದ್ದೂ ದ್ರವದ ಒತ್ತಡ ನಾರ್ಮಲ್ ಬರುವವರು ಬಹಳ ಮಂದಿ.

ಮಿದುಳಿನ ಎಂಆರ್‌ಐಗೆ ಕಾಂಟ್ರಾಸ್ಟ್ (ನರಕ್ಕೆ ಕೊಡುವ, ಚಿತ್ರ ಸ್ಪಷ್ಟಗೊಳಿಸುವ ಔಷಧಿ) ಬೇಕು. ಮಿದುಳಿನ ಚಿಹ್ನೆಗಳಿಗೆ ಅಂಕ ಕೊಡುವ 2019ರ ಬರ್ನ್ ಸ್ಕೋರ್‌ನಲ್ಲಿ 9ಕ್ಕೆ 5 ಅಥವಾ ಹೆಚ್ಚು ಬಂದರೆ ಬೆನ್ನಿನಲ್ಲಿ ಸೋರಿಕೆ ಸಿಗುವ ಸಂಭವ ಹೆಚ್ಚು. ಬೆನ್ನಿಗೆ ಕಾಂಟ್ರಾಸ್ಟ್ ಬೇಡ. ತಲೆಬುರುಡೆಯ ಬುಡದಿಂದ ಬೆನ್ನೆಲುಬಿನ ಬುಡದ ಸೇಕ್ರಮ್‌ವರೆಗೆ 3ಡಿ ಟಿ2 (ದ್ರವ ಬಿಳಿಯಾಗಿ ಕಾಣುವ ಎಂಆರ್‌ಐ ಚಿತ್ರ), ಫ್ಯಾಟ್‌ಸ್ಯಾಟ್ (ಕೊಬ್ಬಿನ ಬಿಳುಪು ಅಳಿಸುವ ತಂತ್ರ) ಹಾಕಿ, ಸುಮಾರು 1 ಮಿ.ಮೀ. ದಪ್ಪದಲ್ಲಿ. ಮೂರು ತುಂಡುಗಳಾಗಿ ತೆಗೆಯುತ್ತೇವೆ, ಒಂದರ ಅಂಚು ಇನ್ನೊಂದರ ಮೇಲೆ 4–5 ಸೆಂ.ಮೀ. ಕೂರಬೇಕು. ಕಶೇರುಗಳನ್ನು ಸಿ2ದಿಂದಲೇ (ಕುತ್ತಿಗೆಯ ಎರಡನೆಯದು) ಎಣಿಸುತ್ತೇನೆ. ಎಣಿಕೆ ಒಂದು ತಪ್ಪಿದರೂ ಮುಂದಿನ ಚಿಕಿತ್ಸೆ ಬೇರೆ ಜಾಗಕ್ಕೆ ಹೋಗುತ್ತದೆ.

ಫ್ಯಾಟ್‌ಸ್ಯಾಟ್ ಬಿಟ್ಟರೆ ಕೆಲಸವೇ ಕೆಟ್ಟಿತು. ಟಿ2ನಲ್ಲಿ ಬೆನ್ನುಹುರಿಯ ಹಿಂದಿನ ಕೊಬ್ಬೂ ಬಿಳಿ, ದ್ರವವೂ ಬಿಳಿ. ಹಾಕಿದರೂ ಕುತ್ತಿಗೆ–ಎದೆ ಕೂಡುವಲ್ಲಿ ಅದು ಕೈಕೊಡುತ್ತದೆ: ಹೆಗಲು ಮತ್ತು ಶ್ವಾಸಕೋಶದ ಗಾಳಿಯಿಂದ ಅಲ್ಲಿ ಕಾಂತಕ್ಷೇತ್ರ ಏರುಪೇರು. ಮುಂಭಾಗದ ಸೋರಿಕೆ ಹೆಚ್ಚಾಗಿ ಸಿಗುವುದೂ ಅಲ್ಲಿಯೇ, ಮೇಲಿನ ಎದೆಭಾಗದಲ್ಲೇ. ಆಗ ಕೊಬ್ಬು ಅಳಿಸುವ ಬೇರೆ ವಿಧಾನಗಳಾದ ಡಿಕ್ಸನ್ ಅಥವಾ ಸ್ಟಿರ್‌ನಲ್ಲಿ ಆ ಭಾಗ ಮತ್ತೊಮ್ಮೆ. ಅನುಮಾನ ಉಳಿದರೆ ಟಿ1 ಎಂಬ ಇನ್ನೊಂದು ಬಗೆಯ ಚಿತ್ರ ನೋಡಿ: ಕೊಬ್ಬು ಬಿಳಿಯಾಗಿಯೇ ಇರುತ್ತದೆ, ದ್ರವ ಕಪ್ಪಾಗುತ್ತದೆ.

ಹುಡುಕುವುದು ಒಂದು ಕೂದಲೆಳೆಯಂಥ ಕಪ್ಪು ಗೆರೆಯನ್ನು. ಅದು ಡ್ಯೂರಾ. ಒಳಗಿನ ಬಿಳುಪು ಸಹಜ. ಗೆರೆಯ ಹೊರಗೂ ಬಿಳುಪಿದ್ದು, ಹಲವು ಕಶೇರುಗಳ ಉದ್ದಕ್ಕೆ ಹರಿದಿದ್ದರೆ ಅದು ಸೋರಿದ ದ್ರವ. ಸ್ಯಾಜಿಟಲ್‌ನಲ್ಲಿ (ಉದ್ದಕ್ಕೆ ಸೀಳಿದಂಥ ಚಿತ್ರ) ತೆಳುವಾದದ್ದು ತಪ್ಪಿಹೋಗುತ್ತದೆ, ಆಕ್ಸಿಯಲ್‌ನಲ್ಲಿ (ಅಡ್ಡ ಕೊಯ್ದಂಥ ಚಿತ್ರ) ಒಂದೊಂದೇ ಹಾಳೆ ತಿರುವಿ ನೋಡಬೇಕು.

ದ್ರವ ನಿಂತಲ್ಲೇ ತೂತು ಇದೆ ಎಂದುಕೊಳ್ಳಬೇಡಿ. ಮಾಳಿಗೆ ಸೋರಿದಾಗ ನೀರು ಗೋಡೆ ಹಿಡಿದು ಎಲ್ಲೋ ಇಳಿದು ಇನ್ನೆಲ್ಲೋ ತೊಟ್ಟಿಕ್ಕುವುದಿಲ್ಲವೇ, ಹಾಗೆಯೇ ಇದು. ಸಿ1–ಸಿ2 ಹಿಂದೆ ಕಾಣುವ ದ್ರವವಂತೂ ಹೆಸರಾಂತ ಮೋಸ. ತೂತು ಸಾಮಾನ್ಯವಾಗಿ ಬಹಳ ಕೆಳಗಿರುತ್ತದೆ. ಡಿಸ್ಕ್ ಮಟ್ಟದಲ್ಲಿ ಡ್ಯೂರಾ ಚುಚ್ಚುವ ಸಣ್ಣ ಎಲುಬಿನ ಮುಳ್ಳು ಎಂಆರ್‌ಐನಲ್ಲಿ ಸರಿಯಾಗಿ ಕಾಣದು, ಅದಕ್ಕೆ ತೆಳು ಪದರಿನ ಸಿಟಿ ಬೇಕು.

ಗದಗ, ಹಾವೇರಿಯಿಂದ ಬಸ್ಸಿನಲ್ಲಿ ಕೂತು ಬಂದವರನ್ನು ಬಂದೊಡನೆ ಮಲಗಿಸಿ, ನೋವು ಇಳಿದ ಮೇಲೆ ಒಳಗೆ ಕರೆಯುತ್ತೇವೆ. ನೋವಿನಲ್ಲಿ ಮಿಸುಕಾಡಿದರೆ 1 ಮಿ.ಮೀ. ಚಿತ್ರ ಮಸುಕಾಗುತ್ತದೆ.

ಹೊರಗೆ ದ್ರವವೇ ಇಲ್ಲದಿದ್ದರೆ 'ಸೋರಿಕೆ ಇಲ್ಲ' ಎಂದು ಬರೆಯುವುದಿಲ್ಲ. ದ್ರವ ನೇರವಾಗಿ ಅಭಿಧಮನಿಗೆ ಸೇರುವ ಫಿಸ್ಟುಲಾದಲ್ಲಿ ಬೆನ್ನಿನ ಎಂಆರ್‌ಐ ಶುದ್ಧವಾಗಿಯೇ ಇರುತ್ತದೆ. ಮಿದುಳಿನ ಚಿಹ್ನೆಗಳು ಗಟ್ಟಿಯಾಗಿದ್ದರೆ ಮಗ್ಗುಲಾಗಿ ಮಲಗಿಸಿ ಮಾಡುವ ಮೈಲೋಗ್ರಾಮ್ (ಬೆನ್ನಿನ ದ್ರವದೊಳಗೆ ಕಾಂಟ್ರಾಸ್ಟ್ ಹಾಕಿ ತೆಗೆಯುವ ಚಿತ್ರ) ಬೇಕು, ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಂದು ರಿಪೋರ್ಟಿನಲ್ಲೇ ಬರೆಯುತ್ತೇನೆ.