ಶಾಲು ಸಾಕು, ಪೆಟ್ರೋಲ್ ಕೊಡಿ: ಸಭೆಯ ಸೇವಕರಿಗೆ ನೆರವಾಗುವುದು ಹೇಗೆ?

ಡಿಸೆಂಬರ್ ಬಂತೆಂದರೆ ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಸಭಾಪಾಲಕರ (ಪಾದ್ರಿಗಳ) ಮನೆ ತುಂಬ ಕೇಕ್. ಸುಗ್ಗಿ ಹಬ್ಬಕ್ಕೆ ಶಾಲು, ಹಾರ. ಎಲ್ಲವನ್ನೂ ಪ್ರೀತಿಯಿಂದಲೇ ಕೊಡುತ್ತೇವೆ. ಆದರೆ ಜೂನ್‌ನಲ್ಲಿ ಅವರು ಮಕ್ಕಳ ಶಾಲೆ ಫೀಸು ಹೊಂದಿಸುವಾಗ, ಮಳೆಗೆ ಬೈಕ್ ಕೆಟ್ಟು ನಿಂತಾಗ ನಮಗೆ ಅವರ ನೆನಪೇ ಆಗುವುದಿಲ್ಲ. ಕೊಡುವ ಮನಸ್ಸಿಗೇನೂ ಕೊರತೆ ಇಲ್ಲ. ಯಾವಾಗ, ಏನು ಕೊಡಬೇಕು ಎಂದು ಸ್ವಲ್ಪ ಯೋಚಿಸಬೇಕು, ಅಷ್ಟೇ.

ಮೊದಲು ಹೆಸರು ಬರೆದುಕೊಳ್ಳಿ. ಸೇವೆ ಮಾಡುವವರು ಸಭಾಪಾಲಕರಾದ ಅಯ್ಯನವರೊಬ್ಬರೇ ಅಲ್ಲ, ಅಲ್ವಾ? ಸಂಡೇ ಸ್ಕೂಲ್ ಟೀಚರ್, ಕೀಬೋರ್ಡ್ ನುಡಿಸುವ ಹುಡುಗ, ಲೆಕ್ಕ ಬರೆಯುವ ಖಜಾಂಚಿ, ಗಂಟೆ ಹೊಡೆಯುವ ಅಣ್ಣ, ಎಲ್ಲರೂ ಇದ್ದಾರೆ. ಕರ್ತನ ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಯ) ಭಾನುವಾರ ಅರ್ಧ ಗಂಟೆ ಮುಂಚೆ ಹೋಗಿ ನೋಡಿ. ಆ ಅಣ್ಣ ಕಿಟಕಿ ತೆಗೆದು, ಬೆಂಚು ಒರೆಸಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯನ್ನು ಸುಕ್ಕಾಗದ ಹಾಗೆ ಮೇಜಿನ ಮೇಲೆ ಹಾಸುತ್ತಿರುತ್ತಾರೆ. ಆರಾಧನೆ ಮುಗಿದು ನಾವು ಅಂಗಳದಲ್ಲಿ ಮಾತಾಡುತ್ತ ನಿಂತಿರುವಾಗ, ಅವರು ಒಳಗೆ ಆ ಪುಟ್ಟ ಲೋಟಗಳನ್ನು ಒಂದೊಂದಾಗಿ ತೊಳೆಯುತ್ತಿರುತ್ತಾರೆ. ನನ್ನ ಪ್ರಕಾರ ಪಟ್ಟಿಯಲ್ಲಿ ಮೊದಲು ಬರಬೇಕಾದ ಹೆಸರು ಅವರದು. ಅವರ ಸಂಬಳ ಎಷ್ಟು ಎಂದು ಕಮಿಟಿ ಸಭೆಯಲ್ಲಿ ಧೈರ್ಯವಾಗಿ ಕೇಳಿ. ಕಡಿಮೆ ಇದ್ದರೆ ಏರಿಸಲು ನೀವೇ ಸೂಚಿಸಿ.

ಆಮೇಲೆ, ಸುಮ್ನೆ ಗಮನಿಸಿ. ಬೈಬಲ್‌ನಲ್ಲಿ ಪ್ರವಾದಿ ಎಲೀಷನು ದಾರಿಯಲ್ಲಿ ಹೋಗಿ ಬರುವಾಗೆಲ್ಲ ಶೂನೇಮ್ ಊರಿನ ಹೆಂಗಸು ಅವನಿಗೆ ಊಟ ಹಾಕುತ್ತಿದ್ದಳು. ಅಷ್ಟಕ್ಕೇ ಬಿಡಲಿಲ್ಲ. ಗಂಡನಿಗೆ ಹೇಳಿ ಮಾಳಿಗೆಯ ಮೇಲೆ ಒಂದು ಸಣ್ಣ ಕೋಣೆ ಮಾಡಿಸಿ, ಮಂಚ, ಮೇಜು, ಕುರ್ಚಿ, ದೀಪ ಇಡಿಸಿದಳು. ಊರೂರು ಅಲೆಯುವವನಿಗೆ ಏನು ಬೇಕೋ ಅದನ್ನೇ ಕೊಟ್ಟಳು. ನಾವೂ ಹಾಗೇ ನೋಡಬೇಕು. ಹಳ್ಳಿ ಕಡೆ ಒಬ್ಬರೇ ಎರಡು ಮೂರು ಸಭೆ ನೋಡಿಕೊಳ್ಳುವುದುಂಟು. ಅವರಿಗೆ ಇನ್ನೊಂದು ನೆನಪಿನ ಕಾಣಿಕೆಗಿಂತ ತಿಂಗಳ ಪೆಟ್ರೋಲ್, ಒಳ್ಳೆಯ ರೇನ್‌ಕೋಟ್, ಬೈಕಿನ ಹೊಸ ಟೈರು ಹೆಚ್ಚು ಉಪಯೋಗ. ಗೊತ್ತಾಗದಿದ್ದರೆ ನೇರವಾಗಿ ಕೇಳಿ. ಆದರೆ ‘ಏನಾದ್ರೂ ಬೇಕಾ?’ ಎಂದರೆ ‘ಏನೂ ಬೇಡ’ ಎಂಬ ಉತ್ತರವೇ ಬರುತ್ತದೆ. ‘ಈ ಸಲ ಮಕ್ಕಳ ಪುಸ್ತಕದ ಖರ್ಚು ನನಗಿರಲಿ, ಲಿಸ್ಟ್ ಕಳಿಸಿ’ ಎನ್ನಿ.

ಹಣ ಕೊಡುವುದಾದರೆ ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳು ತಿಂಗಳು 500 ರೂಪಾಯಿ ಕೊಡುವುದು ಲೇಸು. ಯೇಸುವಿನ ಅಪೊಸ್ತಲ ಪೌಲನು ಥೆಸಲೋನಿಕ ಪಟ್ಟಣದಲ್ಲಿದ್ದಾಗ ಫಿಲಿಪ್ಪಿ ಪಟ್ಟಣದ ಸಭೆಯವರೂ ಒಂದು ಸಲ ನೆರವು ಕಳಿಸಿ ಸುಮ್ಮನಾಗಲಿಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಸಾಮಾನ್ಯವಾಗಿ ಡಯಾಸಿಸ್‌ನಿಂದ, ಅಂದರೆ ಬಿಷಪರ ಆಡಳಿತ ಪ್ರಾಂತದಿಂದ, ಸಂಬಳ ಬರುತ್ತದೆ. ಸಣ್ಣ ಸ್ವತಂತ್ರ ಸಭೆಗಳಲ್ಲಿ ಎಷ್ಟೋ ಕಡೆ ಭಾನುವಾರದ ಕಾಣಿಕೆಯೇ ಆಧಾರ. ಮಳೆ ಬಂದು ಜನ ಕಡಿಮೆಯಾದರೆ ಆ ವಾರ ಅವರ ಮನೆಗೂ ಕಷ್ಟ. ಹಾಗಾಗಿ ನೀವು ಆರಾಧನೆಗೆ ಹೋಗದ ವಾರವೂ ನಿಮ್ಮ ಪಾಲನ್ನು ಯುಪಿಐನಲ್ಲಿ ಕಳಿಸಿಬಿಡಿ.

ಎಲ್ಲರೂ ಸೇರಿ ದೊಡ್ಡ ಮೊತ್ತ ಕೂಡಿಸುವಾಗ ಒಂದು ಎಚ್ಚರ ಬೇಕು. ನೆಂಟರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಉಡುಗೊರೆ ಹಣ ಬಂದರೆ, ಪೂರ್ತಿ ಹಣ ಪಡೆದವರ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಆಪರೇಷನ್ ಖರ್ಚಾದರೆ ಆಸ್ಪತ್ರೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಸಮಯವನ್ನೂ ಕೊಡಿ. ಹೆಚ್ಚಿನ ಸಭಾಪಾಲಕರಿಗೆ ಸೋಮವಾರವೇ ರಜೆ. ತುರ್ತಿಲ್ಲದಿದ್ದರೆ ಆ ದಿನ ಫೋನ್ ಮಾಡಬೇಡಿ. ಕ್ರಿಸ್ಮಸ್‌ಗೆ ಮನೆ ಮನೆಗೆ ಹೋಗಿ ಹಾಡುವ ಕ್ಯಾರೊಲ್ ಸುತ್ತಾಟದ ರಾತ್ರಿಗಳಲ್ಲಿ ದೂರದ ಹುಡುಗಿಯರನ್ನು ಕಾರಿನಲ್ಲಿ ಮನೆ ತಲುಪಿಸಿ. ಸಂಡೇ ಸ್ಕೂಲ್ ಟೀಚರ್‌ಗೆ ತಿಂಗಳಿಗೊಂದು ಭಾನುವಾರ ಬಿಡುವು ಕೊಟ್ಟು, ತರಗತಿ ನೀವು ನಡೆಸಿ.

ಕೊಟ್ಟಿದ್ದನ್ನು ಯಾರಿಗೂ ಹೇಳಬೇಡಿ. ಕೊಟ್ಟೆನೆಂದು ‘ಭಾನುವಾರದ ಪ್ರಸಂಗ (ಉಪದೇಶ) ಹೀಗೇ ಇರಬೇಕು’, ‘ನಮ್ಮವನನ್ನು ಕಮಿಟಿಗೆ ಸೇರಿಸಿ’ ಎಂದು ಒತ್ತಾಯ ಮಾಡುವುದಂತೂ ಬೇಡವೇ ಬೇಡ.

ನಿವೃತ್ತರನ್ನು ಮರೆಯಬೇಡಿ. ಸೇವೆ ಮುಗಿದ ದಿನ ಸಭೆ ಕೊಟ್ಟ ಮನೆಯನ್ನೂ ಬಿಡಬೇಕು. ಜೀವನವಿಡೀ ಊರಿಂದ ಊರಿಗೆ ವರ್ಗವಾದವರಿಗೆ ಎಷ್ಟೋ ಸಲ ಸ್ವಂತ ಮನೆ ಇರುವುದಿಲ್ಲ. ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಬಾಡಿಗೆ ಮನೆ ಹುಡುಕಲು ಜೊತೆಗೆ ಹೋಗಿ, ಮುಂಗಡಕ್ಕೆ ಕೈ ಜೋಡಿಸಿ. ತೀರಿಕೊಂಡ ಸಭಾಪಾಲಕರ ಹೆಂಡತಿ ನಿಮ್ಮ ಬಡಾವಣೆಯಲ್ಲಿದ್ದರೆ ಶನಿವಾರ ಸಂಜೆ ಫೋನ್ ಮಾಡಿ, ನಾಳೆ ಆರಾಧನೆಗೆ ಎಷ್ಟು ಹೊತ್ತಿಗೆ ಗಾಡಿ ತರಲಿ ಎಂದು ಕೇಳಿ.